ಪಟ್ಟಿ ಸೇರಿಸಿ ಅಂಬಾಸಿಡರ್ ಕೆಡಿಸಬೇಡಿ

ಹಳೇ ಅಂಬಾಸಿಡರ್‌ನ ಹಿಂಭಾಗ ಸ್ವಲ್ಪ ಕುಸಿದಂತೆ ಕಂಡರೆ ಸಾಕು, ಸಲಹೆ ರೆಡಿ ಇರತ್ತೆ: "ಇನ್ನೊಂದು ಪಟ್ಟಿ ಹಾಕ್ಸಿ, ಗಟ್ಟಿ ಆಗತ್ತೆ." ಗಟ್ಟಿ ಆಗೋದೇನೋ ನಿಜ. ಆದರೆ ಒಳ್ಳೇ ಕಾರು ಕೆಡೋದೂ ಅಲ್ಲಿಂದಲೇ.

ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನ ಭಾರತೀಯ ರೂಪ. 2014ರವರೆಗೂ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯ್ತು. ಮುಂದೆ ಟಾರ್ಷನ್ ಬಾರ್, ಅಂದ್ರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು. ಹಿಂದೆ ಲೀಫ್ ಸ್ಪ್ರಿಂಗ್, ಅಂದ್ರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು.

ಸ್ಪ್ರಿಂಗ್ ಕುಸಿಯೋದು ಬೇರೆ, ಮೆದುವಾಗೋದು ಬೇರೆ. ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯ ಬಾಗು ಕಡಿಮೆಯಾಗತ್ತೆ, ಕಾರು ತಗ್ಗತ್ತೆ. ಆದರೆ ಉಕ್ಕಿನ ಯಂಗ್ಸ್ ಮಾಡ್ಯುಲಸ್ ಹಾಗೇ ಇರತ್ತೆ, ಪಟ್ಟಿಯ ದಪ್ಪವೂ ಸವೆಯದೆ ಇದ್ರೆ ಸ್ಟಿಫ್‌ನೆಸ್ ಹೆಚ್ಚೇನೂ ಬದಲಾಗಲ್ಲ. ಕಳೆದುಹೋಗಿರೋದು ಎತ್ತರ, ನಾವು ಸೇರಿಸ್ತಿರೋದು ಬಿಗಿ!

ಲೆಕ್ಕ ಹಾಕಿ ನೋಡಿ. ಒಂದು ಹಿಂಚಕ್ರದ ಮೇಲೆ 250 ಕೆಜಿ, ಸ್ಪ್ರಿಂಗ್ ಮಿಲಿಮೀಟರಿಗೆ 20 ನ್ಯೂಟನ್ ಅಂತ ಇಟ್ಕೊಳ್ಳಿ. ಸಹಜ ಆವರ್ತನ ಸುಮಾರು 1.4 ಹರ್ಟ್ಸ್. ಪಟ್ಟಿ ಸೇರಿಸಿ ಅದನ್ನು 25 ಮಾಡಿದ್ರೆ 1.6 ಹರ್ಟ್ಸ್. ಚಿಕ್ಕ ವ್ಯತ್ಯಾಸ ಅನ್ನಿಸಬಹುದು. ಆದರೆ ಹಳೇ ಡ್ಯಾಂಪರ್ ಹಳೇ ಸ್ಪ್ರಿಂಗ್‌ಗೆ ಹೊಂದಿಸಿದ್ದು. ಬಿಗಿ ಸ್ಪ್ರಿಂಗ್ ಹಾಕಿದ್ರೆ ಡ್ಯಾಂಪಿಂಗ್ ಅನುಪಾತ ಇಳಿಯತ್ತೆ, ಹಂಪ್ ದಾಟಿದ ಮೇಲೂ ಕಾರು ಕುಣೀತಾನೇ ಇರತ್ತೆ.

"ಲೋಡ್ ಹಾಕಿದಾಗ ಬೇಕಲ್ವಾ?" ಅಂತೀರಿ. ನ್ಯಾಯವಾದ ಪ್ರಶ್ನೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ, ಫೆಬ್ರವರಿಯ ಸೇವಾಲಾಲ್ ಜಯಂತಿಗೆ, ಮನೆಮಂದಿ, ಬುತ್ತಿ, ಹಾಸಿಗೆ ಎಲ್ಲ ತುಂಬ್ಕೊಂಡು ಹೊರಡುವ ಗಾಡಿಗೆ ಹೆಚ್ಚುವರಿ ಪಟ್ಟಿ ಆಸರೆಯೇ. ಅದೇ ಗಾಡಿ ಇಬ್ಬರನ್ನೇ ಕೂರಿಸ್ಕೊಂಡು ಓಡಾಡೋ ಉಳಿದ ದಿನಗಳಲ್ಲಿ ಸೊಂಟ ಮುರಿಯತ್ತೆ. ಇವತ್ತು ಉಳಿದಿರೋ ಬಹುತೇಕ ಅಂಬಾಸಿಡರ್‌ಗಳ ಕೆಲಸ ಮದುವೆ ಮೆರವಣಿಗೆ, ಭಾನುವಾರದ ಸುತ್ತಾಟ. ಅವಕ್ಕೆ ಟ್ಯಾಕ್ಸಿಯ ಸ್ಪ್ರಿಂಗ್ ಯಾಕೆ?

ಇನ್ನೊಂದು ಮಾತು. ಪಟ್ಟಿಗಳ ನಡುವೆ ತುಕ್ಕು ಹಿಡಿದರೆ ಅವು ಜಾರೋದೇ ನಿಲ್ಲಿಸ್ತವೆ. ಸಣ್ಣ ಗುಂಡಿಯ ಏಟೂ ನೇರ ಬಾಡಿಗೆ ಬರತ್ತೆ. ಜನ ಇದಕ್ಕೂ "ಸ್ಪ್ರಿಂಗ್ ಹೋಯ್ತು" ಅಂತಾರೆ!

ಹಾಗಾಗಿ ಮನೇಲಿ ಹಳೇ ಕಾರಿದ್ರೆ ಮೊದಲು ಪಟ್ಟಿ ಬಿಚ್ಚಿಸಿ, ತುಕ್ಕು ತೆಗೆಸಿ, ಮುರಿದದ್ದಿದ್ರೆ ಬದಲಿಸಿ, ಬಾಗು ವಾಪಸ್ ಕೊಡಿಸಿ, ರಬ್ಬರ್ ಬುಷ್ ಮತ್ತು ಡ್ಯಾಂಪರ್ ನೋಡಿಸಿ. ಇಷ್ಟಾದ ಮೇಲೂ ಕುಸಿದ್ರೆ ಆಗ ಪಟ್ಟಿಯ ಮಾತು. ಪೇಂಟ್, ಕ್ರೋಮ್‌ಗೆ ಲಕ್ಷ ಸುರಿಯೋರು ಆ ಕಾರು ಓಡುವ ರೀತಿಯನ್ನೂ ಉಳಿಸ್ಕೊಳ್ಳಲಿ. ಅದೂ ಪರಂಪರೆಯೇ.