ಆಟದ ಮೇಷ್ಟ್ರು, ನಾಟಕದ ಮೇಷ್ಟ್ರು

ಗಿಣಿಗೆ ವಿದ್ಯೆ ಕಲಿಸಬೇಕೆಂದು ರಾಜನಿಗೆ ಮನಸ್ಸಾಗುತ್ತದೆ. ಅಕ್ಕಸಾಲಿಗ ಚಿನ್ನದ ಪಂಜರ ಮಾಡುತ್ತಾನೆ, ಪಂಡಿತರು ಸಾಲುಗಟ್ಟುತ್ತಾರೆ, ಪುಸ್ತಕ ನಕಲು ಮಾಡುವವರಿಗೆ ಸುಗ್ಗಿ. ಹಾಳೆಗಳನ್ನು ಬಾಯಿಗೆ ತುರುಕಿ ತುರುಕಿ ಕೊನೆಗೆ ಗಿಣಿ ಸತ್ತೇ ಹೋಗುತ್ತದೆ. ರವೀಂದ್ರನಾಥ ಟಾಗೋರರ ಈ ಕಥೆಯನ್ನು ಬಿ.ವಿ. ಕಾರಂತರು ‘ಪಂಜರ ಶಾಲೆ’ ಎಂಬ ಮಕ್ಕಳ ನಾಟಕವಾಗಿಸಿದರು. ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಇರುವಾಗ ಯಾವುದೋ ಶಾಲೆಯ ಮಕ್ಕಳು ಈ ನಾಟಕದ ಮಾತುಗಳನ್ನೇ ಉರುಹೊಡೆಯುತ್ತ ಕೂತಿದ್ದಾರೆ ಎಂದುಕೊಳ್ಳಿ. ಬಾಯಿಪಾಠವನ್ನು ಗೇಲಿ ಮಾಡುವ ನಾಟಕಕ್ಕೇ ಬಾಯಿಪಾಠ!

ರಂಗಶಿಕ್ಷಕರ ನಡುವಿನ ಹಳೆಯ ಜಗಳವೊಂದು ಈ ಚಿತ್ರದಲ್ಲೇ ಅಡಗಿದೆ. ನಾಟಕದ ಪೀರಿಯಡ್‌ನಲ್ಲಿ ಮಾಡಿಸಬೇಕಾದ್ದೇನು? ರಂಗಾಟ, ಅಭಿನಯದ ಚಟುವಟಿಕೆಗಳನ್ನೋ, ಅಥವಾ ಒಂದು ನಾಟಕವನ್ನು ಎತ್ತಿಕೊಂಡು ರಂಗಕ್ಕೆ ತರುವುದನ್ನೋ? ಕನ್ನಡಕ್ಕೆ ಈ ಭೇದ ಮೊದಲಿನಿಂದ ಇರಲಿಲ್ಲ. ಬೀದಿಯಲ್ಲಿ ಮಕ್ಕಳು ಆಡುವುದೂ ಆಟ, ಕರಾವಳಿಯ ಯಕ್ಷಗಾನವೂ ಆಟ, ಉತ್ತರ ಕರ್ನಾಟಕಕ್ಕೆ ಹೋದರೆ ದೊಡ್ಡಾಟ, ಸಣ್ಣಾಟ. ಶಾಲೆಯ ವೇಳಾಪಟ್ಟಿಗೆ ಬಂದ ಮೇಲೆ ಮಾತ್ರ ಆಟದ ಮೇಷ್ಟ್ರು ಬೇರೆ, ನಾಟಕದ ಮೇಷ್ಟ್ರು ಬೇರೆ ಆದರು.

ಮೊದಲು ಆಟದ ಪಕ್ಷ. ನಲವತ್ತೈದು ನಿಮಿಷದ ಪೀರಿಯಡ್, ನಲವತ್ತು ಮಕ್ಕಳು. ಬೆಂಚುಗಳನ್ನು ಗೋಡೆಗೆ ಸರಿಸಿ ಜೋಡಿ ಜೋಡಿಯಾಗಿ ನಿಲ್ಲಿಸಿ ಕನ್ನಡಿ ಆಟ ಆಡಿಸಿದರೆ ನಲವತ್ತು ಮಂದಿಯೂ ಒಟ್ಟಿಗೆ ಕೆಲಸದಲ್ಲಿರುತ್ತಾರೆ. ಒಬ್ಬ ಕೈ ಎತ್ತಿದರೆ ಎದುರಿನವಳು ಎತ್ತಬೇಕು. ಯಾರು ಮುಂದೆ, ಯಾರು ಹಿಂದೆ ಎಂದು ಹೊರಗಿನವರಿಗೆ ತಿಳಿಯಬಾರದು. ಖರ್ಚಿಲ್ಲ, ಮೈಕ್ ಬೇಕಿಲ್ಲ, ಆಯ್ಕೆ ಇಲ್ಲ, ಹಾಗಾಗಿ ಅಳುವವರೂ ಇಲ್ಲ. ಪಾಠಕ್ಕೂ ಇದು ಒದಗುತ್ತದೆ. ಗೋವಿನ ಹಾಡು ಓದಿಸಿದ ಮೇಲೆ ಒಂದು ಕುರ್ಚಿ ಇಟ್ಟು ಹುಲಿಯನ್ನು ಕೂರಿಸಿ, ತರಗತಿಯಿಂದ ಪ್ರಶ್ನೆ ಕೇಳಿಸಿ ನೋಡಿ. ಹಸಿವಾಗಿತ್ತಲ್ಲ, ಬಿಟ್ಟೆ ಏಕೆ? ಬಿಟ್ಟ ಮೇಲೆ ಸತ್ತೆ ಏಕೆ? ಹುಲಿಯಾಗಿ ಕೂತ ಹುಡುಗ ಉತ್ತರವನ್ನು ಗೈಡಿನಲ್ಲಿ ಹುಡುಕುವಂತಿಲ್ಲ, ತನ್ನೊಳಗಿನಿಂದಲೇ ತೆಗೆಯಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಇತರ ವಿಷಯಗಳ ಕಲಿಕೆಯೊಳಗೆ ಬೆಸೆಯಬೇಕು ಎಂದದ್ದು ಇಂಥ ಕೆಲಸವನ್ನೇ.

ಈ ಪಕ್ಷದ ನಿಜವಾದ ಬಲ ಇನ್ನೊಂದಿದೆ. ಆಟದಲ್ಲಿ ನೋಡುವವರಿಲ್ಲ. ಎಲ್ಲರೂ ಆಡುತ್ತಿರುವಾಗ ತೊದಲುವವನ ಕಡೆ ಯಾರೂ ತಿರುಗುವುದಿಲ್ಲ. ಉಚ್ಚಾರಣೆಗೆ ನಗುವವರಿಲ್ಲ, ಬಣ್ಣಕ್ಕೆ, ಎತ್ತರಕ್ಕೆ ತಕ್ಕ ಪಾತ್ರ ಹಂಚುವವರಿಲ್ಲ. ನಾಚಿಕೆಯ ಮಗುವಿಗೆ ಇದೊಂದು ಮರೆ.

ಹಾಗೆಂದು ಕೊರತೆ ಇಲ್ಲದಿಲ್ಲ. ಆಟಗಳ ಪುಸ್ತಕ ಹಿಡಿದ ಮೇಷ್ಟ್ರು ಸೋಮವಾರ ಒಂದು, ಗುರುವಾರ ಇನ್ನೊಂದು ಆಡಿಸುತ್ತ ಹೋದರೆ ವರ್ಷದ ಕೊನೆಗೆ ಮಕ್ಕಳ ಕೈಯಲ್ಲಿ ಉಳಿಯುವುದೇನು? ಮೂವತ್ತು ಆಟ ಗೊತ್ತು, ಒಂದು ಮಾತನ್ನು ಕೊನೆಯ ಸಾಲಿಗೆ ಮುಟ್ಟಿಸಲು ಗೊತ್ತಿಲ್ಲ. ಮಗು ತನಗೆ ಗೊತ್ತಿರುವ ಭಾಷೆಯಲ್ಲೇ ಆಶುವಾಗಿ ಮಾತಾಡುತ್ತದೆ. ತನಗಿಂತ ದೊಡ್ಡದಾದ ಭಾಷೆಯೊಂದನ್ನು ನಾಲಿಗೆಯ ಮೇಲೆ ಹೊತ್ತು ನಡೆಯುವ ಕಷ್ಟಸುಖ ಅದಕ್ಕೆ ಸಿಗುವುದೇ ಇಲ್ಲ. ಆಟ ಮುಗಿದ ಮೇಲೆ ಅದರ ಬಗ್ಗೆ ಮಾತಾಡಿಸಲು ಬಾರದ ಕೈಗೆ ಸಿಕ್ಕರಂತೂ ಅದು ಪಿ.ಟಿ. ಪೀರಿಯಡ್ಡೇ ಸರಿ.

ನಾಟಕದ ಪಕ್ಷದ ವಾದ ಶುರುವಾಗುವುದು ಇಲ್ಲಿಂದಲೇ. ಕನ್ನಡದಲ್ಲಿ ಮಕ್ಕಳ ನಾಟಕಕ್ಕೆ ದೊಡ್ಡ ಆಸ್ತಿಯೇ ಇದೆ. ಕುವೆಂಪು ‘ಮೋಡಣ್ಣನ ತಮ್ಮ’ ಬರೆದರು. ವೈದೇಹಿ ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಅನ್ನು ‘ಧಾಂ ಧೂಂ ಸುಂಟರಗಾಳಿ’ಯಾಗಿಸಿ ಮಕ್ಕಳ ಕೈಗಿತ್ತರು. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ‘ಬೆನಕ’ದ ಮಕ್ಕಳ ನಾಟಕ ಕೇಂದ್ರವನ್ನು ಕಟ್ಟಿದರು. 1989ರಲ್ಲಿ ಮೈಸೂರಿನಲ್ಲಿ ಹುಟ್ಟಿದ ರಂಗಾಯಣ ಬೇಸಿಗೆಯ ‘ಚಿಣ್ಣರ ಮೇಳ’ದಲ್ಲಿ ಮಕ್ಕಳಿಂದ ನಾಟಕ ಆಡಿಸುತ್ತದೆ. ಒಂದು ತಿಂಗಳ ತಾಲೀಮಿನಲ್ಲಿ ಮಗು ಕಲಿಯುವುದು ಮಾತನ್ನಷ್ಟೇ ಅಲ್ಲ: ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವುದು, ಸೈಡ್‌ವಿಂಗಿನಲ್ಲಿ ಕತ್ತಲಲ್ಲಿ ಸುಮ್ಮನೆ ನಿಲ್ಲುವುದು, ಕಿರೀಟ ಜಾರಿದರೂ ಪಾತ್ರ ಜಾರದಂತೆ ನೋಡಿಕೊಳ್ಳುವುದು. ಹಂತಹಂತವಾಗಿ ಕಟ್ಟಿ ಮುಗಿಸಿದ ಕೆಲಸದ ಹೆಮ್ಮೆ ಶಾಲೆಯಲ್ಲಿ ಬೇರೆಲ್ಲಿ ಸಿಗುತ್ತದೆ? ಲೆಕ್ಕದ ಉತ್ತರ ಸರಿಯಾದರೆ ಮೇಷ್ಟ್ರು ಟಿಕ್ ಹಾಕುತ್ತಾರೆ, ಅಷ್ಟೆ. ಇಲ್ಲಿ ಊರೇ ಚಪ್ಪಾಳೆ ತಟ್ಟುತ್ತದೆ. ಕೂಲಿ ಮುಗಿಸಿ ಬಂದ ಅಪ್ಪ ಮಗಳನ್ನು ಕಿರೀಟದಲ್ಲಿ ನೋಡುತ್ತಾನೆ.

ಇದರ ಇನ್ನೊಂದು ಮುಖವೂ ಎಲ್ಲರಿಗೆ ಪರಿಚಿತವೇ. ಹನ್ನೆರಡು ಪಾತ್ರದ ನಾಟಕಕ್ಕೆ ಗಂಟಲು ಚೆನ್ನಾಗಿರುವ, ಮಾರ್ಕ್ಸೂ ಚೆನ್ನಾಗಿ ಬರುವ ಹನ್ನೆರಡು ಮಂದಿ. ಉಳಿದವರು ಮರ, ಸೈನಿಕ, ಇಲ್ಲವೇ ಕುರ್ಚಿ ಹಾಕುವವರು. ಪ್ರತಿಭಾ ಕಾರಂಜಿ ಸ್ಪರ್ಧೆಯ ದಿನ ಹತ್ತಿರವಾದಂತೆ ಮೇಷ್ಟ್ರ ಕಣ್ಣು ಮಕ್ಕಳಿಂದ ತೀರ್ಪುಗಾರರ ಕಡೆ ಸರಿಯುತ್ತದೆ. ಬಾಡಿಗೆ ವೇಷ, ಬಾಡಿಗೆ ಬಣ್ಣ. ಕೆಲವು ಕಡೆ ಧ್ವನಿಯೂ ಮೊದಲೇ ಮುದ್ರಿಸಿದ್ದು, ಮಕ್ಕಳು ತುಟಿ ಅಲ್ಲಾಡಿಸಿದರೆ ಸಾಕು. ಟಾಗೋರರ ಗಿಣಿ ಅಂಥ ಕಡೆ ಕಿರೀಟ ಹಾಕಿಕೊಂಡು ನಿಂತಿರುತ್ತದೆ.

ಈ ಜಗಳ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ ಡೊರೊಥಿ ಹೀತ್‌ಕೋಟ್ ನಾಟಕವನ್ನು ಪ್ರದರ್ಶನದಿಂದ ಬಿಡಿಸಿ ಕಲಿಕೆಯ ದಾರಿಯಾಗಿಸಿದರು. ಮಕ್ಕಳು ತಾವೇ ಒಂದು ವಿಷಯದ ತಜ್ಞರೆಂದು ನಂಬಿ ಕೆಲಸಕ್ಕಿಳಿಯುವ ಅವರ ವಿಧಾನ ಬಲು ಹೆಸರು ಮಾಡಿತು. 1989ರಲ್ಲಿ ಡೇವಿಡ್ ಹಾರ್ನ್‌ಬ್ರೂಕ್ ಪುಸ್ತಕ ಬರೆದು ಇದನ್ನು ಎದುರಿಸಿದರು: ರಂಗಭೂಮಿಯ ಕಸುಬು, ಪರಂಪರೆಗಳನ್ನು ಪಕ್ಕಕ್ಕಿಟ್ಟರೆ ಮಕ್ಕಳಿಂದ ಒಂದು ಕಲೆಯನ್ನೇ ಕಿತ್ತುಕೊಂಡಂತೆ ಎಂಬುದು ಅವರ ವಾದದ ಸಾರ. ಎರಡೂ ಕಡೆ ಓದಿಕೊಂಡವರೇ, ಮಕ್ಕಳನ್ನು ಬಲ್ಲವರೇ. ಒಂದು ಪಕ್ಷ ಪೂರ್ತಿ ತಪ್ಪಾಗಿದ್ದರೆ ವಾದ ಇಷ್ಟು ಕಾಲ ಬಾಳುತ್ತಿರಲಿಲ್ಲ.

ನಮ್ಮ ಶಾಲೆಗಳಲ್ಲಿ ಈ ತಕ್ಕಡಿಗೆ ಇನ್ನೊಂದು ತೂಕವನ್ನೂ ಹಾಕಬೇಕು. ನೀನಾಸಂ, ರಂಗಾಯಣಗಳಲ್ಲಿ ತರಬೇತಿ ಪಡೆದ ರಂಗಶಿಕ್ಷಕರಿರುವ ಶಾಲೆಗಳು ಕಡಿಮೆ. ಹೆಚ್ಚಿನ ಕಡೆ ಕನ್ನಡದ ಮೇಷ್ಟ್ರೋ ಮೇಡಮ್ಮೋ ನಾಟಕವನ್ನೂ ನೋಡಿಕೊಳ್ಳಬೇಕು. ಅವರಿಗೆ ಆಟದ ಪುಸ್ತಕ ಸುಲಭ: ನಾಳೆ ಬೆಳಿಗ್ಗೆಯೇ ಶುರು ಮಾಡಬಹುದು, ಕೆಟ್ಟರೂ ನಷ್ಟ ಒಂದು ಪೀರಿಯಡ್. ನಾಟಕದ ಹಸ್ತಪ್ರತಿ ಕಷ್ಟ: ಒಂದು ತಿಂಗಳು ಸಂಜೆ ಉಳಿಯಬೇಕು, ಕೆಟ್ಟರೆ ಊರೆದುರು ಕೆಡುತ್ತದೆ. ಆದರೆ ಆ ತಿಂಗಳ ದುಡಿಮೆಯಲ್ಲಿ ಹಳ್ಳಿಯ ಹಾರ್ಮೋನಿಯಂನವರು, ಬಯಲಾಟದ ಹಿರಿಯರು, ಹೊಲಿಗೆಯ ಅಕ್ಕ ಎಲ್ಲರೂ ಶಾಲೆಯ ಒಳಗೆ ಬರುತ್ತಾರೆ. ಆಟದ ಪುಸ್ತಕ ಅವರನ್ನು ಕರೆತರಲಾರದು.

ಗುಂಪೇ ಮುಖ್ಯವಾದ ವಸ್ತುವನ್ನು ಆರಿಸಿಕೊಂಡರೆ ಎರಡೂ ಪಕ್ಷಗಳ ನಡುವಿನ ಗೋಡೆ ಸ್ವಲ್ಪ ತೆಳುವಾಗುತ್ತದೆ. ಕುವೆಂಪು ಅವರ ‘ಕಿಂದರಿಜೋಗಿ’ಯಲ್ಲಿ ಇಡೀ ತರಗತಿಗೂ ಇಲಿಗಳಾಗಲು ಜಾಗವಿದೆ. ಇಲಿ ಹೇಗೆ ಓಡುತ್ತದೆ, ಹೇಗೆ ನಿಂತು ಕಿವಿಗೊಡುತ್ತದೆ ಎಂಬುದನ್ನು ಜೂನ್‌ನಲ್ಲಿ ಆಟವಾಗಿ ಹುಡುಕಿದ ಮಕ್ಕಳು ಡಿಸೆಂಬರಿನಲ್ಲಿ ಅದನ್ನೇ ರಂಗದ ಮೇಲೆ ತರಬಹುದು. ಆದರೆ ಇದೂ ಸರ್ವರೋಗಕ್ಕೆ ಮದ್ದಲ್ಲ. ಗುಂಪಿನ ನಾಟಕದಲ್ಲೂ ಜೋಗಿಯಾಗುವವನು ಒಬ್ಬನೇ. ಆ ಒಬ್ಬ ಯಾರು ಎಂಬಲ್ಲಿ ಜಗಳ ಮತ್ತೆ ಹುಟ್ಟುತ್ತದೆ.

ಬಹುಶಃ ಪ್ರಶ್ನೆಯನ್ನೇ ಬದಲಿಸಿ ಕೇಳಿಕೊಳ್ಳಬೇಕು. ಆಟ ಮಗುವನ್ನು ನೋಟದಿಂದ ಕಾಯುತ್ತದೆ, ನಾಟಕ ಮಗುವಿಗೆ ನೋಟವನ್ನು ಕೊಡುತ್ತದೆ. ಮೊದಲು ಮರೆ ಬೇಕಾದ ಮಕ್ಕಳಿದ್ದಾರೆ. ಏಳು ವರ್ಷ ಅದೇ ಶಾಲೆಯಲ್ಲಿ ಓದಿಯೂ ಯಾರ ಕಣ್ಣಿಗೂ ಬೀಳದ ಮಕ್ಕಳೂ ಇದ್ದಾರೆ. ಒಬ್ಬರಿಗೆ ಔಷಧವಾದದ್ದು ಇನ್ನೊಬ್ಬರಿಗೆ ಹಸಿವು. ಯಾರಿಗೆ ಯಾವುದು ಬೇಕೆಂದು ಯಾವ ಕೈಪಿಡಿಯೂ ಹೇಳಲಾರದು, ಎದುರಿಗಿರುವ ನಲವತ್ತು ಮುಖಗಳೇ ಹೇಳಬೇಕು.

ಟಾಗೋರರ ಕಥೆಯಲ್ಲಿ ವಿದ್ಯಾಭ್ಯಾಸದ ಏರ್ಪಾಟನ್ನು ಕಂಡು ರಾಜ ಸಂತೋಷಪಟ್ಟು ಹೊರಟಾಗ ಪೊದೆಯ ಮರೆಯಲ್ಲಿದ್ದ ನಿಂದಕನೊಬ್ಬ, ಹಕ್ಕಿಯನ್ನು ನೋಡಿದಿರಾ ಎಂದು ಕೇಳುತ್ತಾನೆ. ಪಂಜರ ನೋಡಿದ್ದ, ಪುಸ್ತಕ ನೋಡಿದ್ದ; ಹಕ್ಕಿಯನ್ನು ನೋಡುವುದು ರಾಜನಿಗೆ ಮರೆತೇ ಹೋಗಿತ್ತು.