ಸಂಚಾರ ವಿಚಾರ : ಸೇಬಾ ಎಂಬ ಸಣ್ಣ ದ್ವೀಪ

ಅಮೆರಿಕೆಯಲ್ಲಿ ನೆಲಸಿರುವ ನಮ್ಮ ವಾಚಕರಲ್ಲೊಬ್ಬ ಸೋದರಿಯು ಕಾಗದ ಬರೆದಿರುವರು. ಅವರ ಯಜಮಾನರು ಹಿಂದೆ ಊರಿಗೆ ಬಂದಿದ್ದಾಗ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಒಮ್ಮೆ ನೀರಿಗಿಳಿದು, ಆ ರುಚಿಯನ್ನು ಬಿಡಲಾರದೆ, ಅಲ್ಲಿಗೆ ಹಿಂದಿರುಗಿದ ಮೇಲೆ ಸ್ಕೂಬಾ ವಿದ್ಯೆಯನ್ನು ಕ್ರಮವಾಗಿ ಕಲಿತು ಮೊದಲ ದರ್ಜೆಯ ಯೋಗ್ಯತಾಪತ್ರವನ್ನು ಪಡೆದಿರುವರಂತೆ. ಈಗ ಇಬ್ಬರೂ ಕೂಡಿ ಕೆರಿಬಿಯನ್ ಸಮುದ್ರಕ್ಕೆ ಒಂದು ವಾರ ಹೋಗಿ ಬರುವ ಯೋಚನೆಯಲ್ಲಿದ್ದಾರೆ. “ಅವರೇನೋ ಮುಳುಗುವರು, ನಾನು ದಡದಲ್ಲಿ ಕುಳಿತು ಏನು ಮಾಡಲಿ? ಗದ್ದಲದ ಊರು ಬೇಡ, ಪ್ರವಾಸಿಗಳಿಗೆಂದೇ ಹಾಕಿದ ಅಂಗಡಿ ಬೀದಿಯೂ ಬೇಡ. ಜನರು ತಮ್ಮ ಪಾಡಿಗೆ ತಾವು ಬಾಳುವ ಸ್ಥಳವೊಂದುಂಟೆ? ಐದು ವರ್ಷ ಕೂಡಿಟ್ಟ ಹಣ, ತಪ್ಪಿದರೆ ಮತ್ತೆ ಕೂಡದು” ಎಂದು ಈ ಸೋದರಿಯು ಕೇಳಿರುವರು.

ಕೆರಿಬಿಯನ್ನಿನಲ್ಲಿ ಮುಳುಗುವುದಕ್ಕೆ ಸ್ಥಳಗಳಿಗೇನೂ ಬಡತನವಿಲ್ಲ. ಮೆಕ್ಸಿಕೋ ದೇಶದ ಕೊಜುಮೆಲ್, ಬ್ರಿಟಿಷರ ಗ್ರ್ಯಾಂಡ್ ಕೇಮನ್, ಇವೆರಡರ ನೀರೂ ಸ್ಫಟಿಕದಂತಹುದೇ. ಆದರೆ ದೊಡ್ಡ ವಿಹಾರ ನೌಕೆಗಳು ಬಂದ ದಿನ ಸಾವಿರಾರು ಮಂದಿ ಒಮ್ಮೆಲೇ ಇಳಿದು, ಸಂಜೆಯ ಹೊತ್ತಿಗೆ ಒಮ್ಮೆಲೇ ಹೊರಟುಹೋಗುವರು. ಆ ಕೆಲವು ಗಂಟೆಗಳ ವ್ಯಾಪಾರಕ್ಕೆ ತಕ್ಕಂತೆಯೇ ಬಂದರಿನ ಬೀದಿಯು ರೂಪುಗೊಳ್ಳುವುದು. ಆದುದರಿಂದ ಸ್ಥಳವನ್ನು ಆರಿಸುವವರು ಮೀನುಗಳ ಬಣ್ಣದ ಚಿತ್ರಗಳನ್ನು ನೋಡುವುದಕ್ಕೆ ಮೊದಲು ಎರಡು ಸಂಗತಿಗಳನ್ನು ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ. ದೊಡ್ಡ ಹಡಗು ಕಟ್ಟುವ ಕಟ್ಟೆ ಅಲ್ಲಿ ಉಂಟೆ? ನಾಳೆ ಪ್ರವಾಸಿಗಳು ಒಬ್ಬರೂ ಬಾರದಿದ್ದರೆ ಆ ಊರಿನವರು ಯಾವ ಕೆಲಸದಲ್ಲಿ ತೊಡಗಿರುವರು?

ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ನಮಗೆ ಮೊದಲು ಹೊಳೆಯುವುದು ಸೇಬಾ ದ್ವೀಪ. (ಸೇಬಿನ ಹಣ್ಣಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಜ್ವಾಲಾಮುಖಿಯ ಬೆಟ್ಟವಿದು. ವಿಸ್ತಾರ 13 ಚದರ ಕಿಲೋಮೀಟರು, ಜನಸಂಖ್ಯೆ ಸುಮಾರು ಎರಡು ಸಾವಿರ, ಹಳ್ಳಿಗಳು ನಾಲ್ಕು. 2010ರಿಂದ ನೆದರ್ಲೆಂಡ್ಸಿನ ವಿಶೇಷ ಪುರಸಭೆಯಾಗಿರುವುದಾದರೂ ಮನೆಮಾತು ಇಂಗ್ಲಿಷು. ಬಿಳಿಯ ಗೋಡೆ, ಕೆಂಪು ಮಾಡು, ಹಸುರು ಕಿಟಕಿ, ಮನೆಗಳೆಲ್ಲ ಹೀಗೆಯೇ. ದೊಡ್ಡ ನೌಕೆಗಳಿಗೆ ಇಲ್ಲಿ ಕಟ್ಟೆಯಿಲ್ಲ. 1963ರಲ್ಲಿ ತೆರೆದ ವಿಮಾನದ ಓಟದಾರಿಯು ಕೇವಲ 400 ಮೀಟರು ಉದ್ದ, ಎರಡು ತುದಿಯಲ್ಲಿಯೂ ಸಮುದ್ರ. ಸೇಂಟ್ ಮಾರ್ಟಿನ್ನಿನಿಂದ ಬರುವ ಪುಟ್ಟ ವಿಮಾನವು ಇದರ ಮೇಲೆ ಇಳಿಯುವಾಗ ದೇವರ ನಾಮ ತಾನಾಗಿಯೇ ಬಾಯಿಗೆ ಬರುವುದೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ಭಯಪಡುವವರಿಗೆ ಅದೇ ಊರಿನಿಂದ ದೋಣಿಯೂ ಉಂಟು.

ಈ ದ್ವೀಪದ ರಸ್ತೆಯ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಬಹುಕಾಲ ಇಲ್ಲಿ ಬಂಡಿಯ ದಾರಿಯೇ ಇರಲಿಲ್ಲ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳ ಮೇಲೆ ಅಕ್ಕಿಯ ಮೂಟೆಯಿಂದ ಹಿಡಿದು ಪಿಯಾನೋದವರೆಗೆ ಎಲ್ಲವನ್ನೂ ತಲೆಯ ಮೇಲೆ ಹೊತ್ತೇ ಸಾಗಿಸಬೇಕಾಗಿತ್ತು. ಇಷ್ಟು ಕಡಿದಾದ ಬೆಟ್ಟದಲ್ಲಿ ರಸ್ತೆ ಸಾಧ್ಯವೇ ಇಲ್ಲವೆಂದು ಡಚ್ ಇಂಜಿನಿಯರರು ಹೇಳಿಬಿಟ್ಟರು. ಆಗ ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಊರಿನವನೇ ಒಬ್ಬನು ಅಂಚೆಯ ಮೂಲಕ ಪಾಠ ತರಿಸಿಕೊಂಡು ರಸ್ತೆ ಕಟ್ಟುವ ವಿದ್ಯೆಯನ್ನು ಕಲಿತನು. 1938ರಲ್ಲಿ ಕೆಲಸ ಆರಂಭವಾಯಿತು; ಯಂತ್ರಗಳಿಲ್ಲ, ಊರಿನವರ ಕೈಗಳೇ ಎಲ್ಲ. ಬಂದರಿನಿಂದ ಮೊದಲ ಹಳ್ಳಿಗೆ 1943ರಲ್ಲಿ ರಸ್ತೆ ಮುಟ್ಟಿತು. ಮೊದಲ ಮೋಟಾರು ಬಂದುದು 1947ರಲ್ಲಿ. ಇಂದಿಗೂ ಅದನ್ನು ಅವರು ‘ರಸ್ತೆ’ ಎಂದಷ್ಟೇ ಕರೆಯುವರು. ಬೇರೆ ಹೆಸರು ಬೇಕಾಗಿಲ್ಲ.

ಇನ್ನು ನಮ್ಮ ಸೋದರಿಗೆ ವಿಶೇಷವಾಗಿ ಹೇಳಬೇಕಾದುದು ಅಲ್ಲಿನ ಲೇಸಿನ ಕೆಲಸವನ್ನು ಕುರಿತು. ಗರ್ಟ್ರೂಡ್ ಜಾನ್ಸನ್ ಎಂಬಾಕೆಯು ಕರಾಕಸ್ ನಗರದಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠದ ಶಾಲೆಯಲ್ಲಿ ಓದಿ, 1870ರ ದಶಕದಲ್ಲಿ ಈ ವಿದ್ಯೆಯನ್ನು ಊರಿಗೆ ತಂದಳು. ನಮ್ಮ ಧಾರವಾಡದ ಕಸೂತಿಯವರು ಎಳೆಗಳನ್ನು ಎಣಿಸಿ ಹೊಲಿಯುವರು. ಇವರು ಬಟ್ಟೆಯ ಎಳೆಗಳನ್ನೇ ಬಿಡಿಸಿ ತೆಗೆದು, ಉಳಿದವುಗಳನ್ನು ಸೂಜಿಯಿಂದ ಕಟ್ಟಿ ಚಿತ್ರ ಮೂಡಿಸುವರು. ಗಂಡಸರು ವರ್ಷಗಟ್ಟಲೆ ಹಡಗುಗಳ ಮೇಲಿದ್ದ ಕಾಲದಲ್ಲಿ ಹೆಂಗಸರು ಈ ಬಟ್ಟೆಗಳನ್ನು ಅಂಚೆಯಲ್ಲಿ ಅಮೆರಿಕೆಗೆ ಮಾರಿ ಮನೆ ನಡೆಸಿದರು. ಈಗ ಈ ಕೆಲಸ ಬಲ್ಲವರು ಕಡಮೆಯಾಗಿದ್ದಾರೆ, ಬಲ್ಲವರಿಗೆ ವಯಸ್ಸೂ ಆಗಿದೆ. ಕೊಳ್ಳುವಾಗ ದಯವಿಟ್ಟು ಚೌಕಾಸಿ ಮಾಡಬಾರದು.

ಕರಾಕಸಿನಿಂದ ಬಂದ ವಿದ್ಯೆಯನ್ನು ಸೇಬಾದ ಸ್ವಂತದ್ದೆನ್ನುವುದು ಹೇಗೆಂದು ಯಾರಾದರೂ ಆಕ್ಷೇಪಿಸಿಯಾರು. ಅಲ್ಲಿನ ಜನರೂ ಹೊರಗಿನಿಂದ ಬಂದವರೇ. ಕೆಲವರು ಯೂರೋಪಿನ ನಾವಿಕರ ಸಂತಾನ. ಮಿಕ್ಕವರು ಗುಲಾಮರಾಗಿ ತರಲ್ಪಟ್ಟ ಆಫ್ರಿಕದವರ ಸಂತಾನ. ಡಚ್ಚರು ಆ ದ್ವೀಪಗಳಲ್ಲಿ ಗುಲಾಮಗಿರಿಯನ್ನು ತೆಗೆದುಹಾಕಿದುದು 1863ರಲ್ಲಿ. ಎಲ್ಲಿಂದ ಬಂದಿತೆಂಬುದಕ್ಕಿಂತ, ಯಾರ ಹೊಟ್ಟೆ ಹೊರೆಯಿತು, ಯಾರ ಕೈಯಲ್ಲಿ ಉಳಿಯಿತು ಎಂಬುದನ್ನೇ ನಾವು ನೋಡುವೆವು. ಇಂದು ಊರಿನವರು ಹತ್ತಿರದ ಸೇಬಾ ಬ್ಯಾಂಕ್ ಎಂಬ ವಿಶಾಲ ತಿಟ್ಟಿನಲ್ಲಿ ಲಾಬ್‌ಸ್ಟರ್ ಹಿಡಿಯುವರು. ವೈದ್ಯಕೀಯ ಕಾಲೇಜೊಂದು ಇರುವುದರಿಂದ ವಿದ್ಯಾರ್ಥಿಗಳಿಂದಲೂ ಜೀವನ ನಡೆಯುವುದು.

ಸಮುದ್ರದ ವಿಷಯಕ್ಕೆ ಬರೋಣ. ಸೇಬಾದ ಸುತ್ತ 60 ಮೀಟರು ಆಳದವರೆಗಿನ ನೀರೆಲ್ಲವೂ 1987ರಿಂದ ರಕ್ಷಿತ ವನವಾಗಿದೆ. ದೋಣಿಗಳು ಹವಳದ ಮೇಲೆ ಲಂಗರು ಎಸೆಯದಂತೆ ಶಾಶ್ವತವಾದ ತೇಲುಗುಂಡುಗಳನ್ನು ನಿಲ್ಲಿಸಿರುವರು. ಆಮೆ, ಶಾರ್ಕು, ಬಣ್ಣದ ಮೀನುಗಳ ಹಿಂಡು ಸಾಮಾನ್ಯ. 2023ರ ಬಿಸಿಯಲ್ಲಿ ಕೆರಿಬಿಯನ್ನಿನ ಹವಳವು ಬೆಳ್ಳಗಾಗಿ ನೊಂದುದನ್ನು ಮಾತ್ರ ಮರೆಮಾಚಲಾಗದು.

ಆದರೆ ಯಜಮಾನರಿಗೆ ಒಂದು ಎಚ್ಚರಿಕೆ. ಸೇಬಾಕ್ಕೆ ಹೆಸರು ತಂದ ನೀರೊಳಗಿನ ಶಿಖರಗಳ ತಲೆಯೇ ಸುಮಾರು 25ರಿಂದ 30 ಮೀಟರು ಆಳದಲ್ಲಿರುವುದು. ಮೊದಲ ದರ್ಜೆಯವರಿಗೆ ಹೇಳಿರುವ ಮಿತಿ 18 ಮೀಟರು. ಟೆಂಟ್ ರೀಫ್ ಮೊದಲಾದ ಆಳವಿಲ್ಲದ ಸ್ಥಳಗಳು ಬೇಕಾದಷ್ಟಿವೆ. ಲ್ಯಾಡರ್ ಕೊಲ್ಲಿಯ ಒಂದೆಡೆ ಮರಳೊಳಗೆ ಕೈಯಿಟ್ಟರೆ ಜ್ವಾಲಾಮುಖಿಯ ಕಾವು ತಗಲುವುದು. ಶಿಖರಗಳನ್ನೇ ನೋಡಬೇಕೆಂದರೆ ಮುಂದಿನ ದರ್ಜೆಯನ್ನು ಕಲಿತು ಹೋಗಲಿ. ದೋಣಿಯವರ ಮುಂದೆ ತಮ್ಮ ಅನುಭವವನ್ನು ಹೆಚ್ಚಿಸಿ ಹೇಳಬಾರದು.

ಇನ್ನೊಂದು ಅಪಾಯವನ್ನು ಅನೇಕರು ಯೋಚಿಸರು. ಆಳದ ಒತ್ತಡದಲ್ಲಿ ಉಸಿರಿನ ನೈಟ್ರೋಜನ್ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗಿ ನಿಲ್ಲುವುದು. ಅದು ಮೆಲ್ಲನೆ ಹೊರಡಬೇಕು. ಒತ್ತಡವು ಥಟ್ಟನೆ ತಗ್ಗಿದರೆ ಗೋಲಿಸೋಡಾದ ಗೋಲಿ ಒತ್ತಿದಂತೆ ಗುಳ್ಳೆಗಳೆದ್ದು ಕೀಲುನೋವು, ಪಾರ್ಶ್ವವಾಯು, ಪ್ರಾಣಾಪಾಯವೂ ಒದಗಬಹುದು. ವಿಮಾನವೇರುವುದಕ್ಕೆ ಮೊದಲು, ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ಬಿಡಬೇಕೆಂಬ ನಿಯಮವನ್ನು ಎಲ್ಲರೂ ಬಲ್ಲರು. ಅದೇ ನಿಯಮವು ಸುಮಾರು 600 ಮೀಟರಿಗಿಂತ ಎತ್ತರದ ಬೆಟ್ಟಕ್ಕೂ ಅನ್ವಯಿಸುವುದು. ಸೇಬಾದ ಮೌಂಟ್ ಸೀನರಿಯು ಸುಮಾರು 870 ಮೀಟರು ಎತ್ತರ, 1064 ಮೆಟ್ಟಿಲು. ಬೆಳಿಗ್ಗೆ ಮುಳುಗಿ ಮಧ್ಯಾಹ್ನ ಹೆಂಡತಿಯೊಡನೆ ಬೆಟ್ಟ ಹತ್ತುವೆನೆಂಬ ಉತ್ಸಾಹ ಕೂಡದು. ತಲಪಿದ ಮರುದಿನವೇ, ನೀರಿಗಿಳಿಯುವುದಕ್ಕೆ ಮುಂಚೆ, ಇಬ್ಬರೂ ಕೂಡಿ ಹತ್ತಿಬಿಡಲಿ; ಮೇಲೆ ಮೋಡ ಮುಸುಕಿದ ಕಾಡು, ಮರಗಳ ಮೈತುಂಬ ಹಾವಸೆ.

ಜೂನಿನಿಂದ ನವೆಂಬರಿನವರೆಗೆ ಚಂಡಮಾರುತದ ಕಾಲ. ಆಗಸ್ಟ್ ಸೆಪ್ಟೆಂಬರುಗಳನ್ನಂತೂ ಬಿಡಬೇಕು. 2017ರ ಇರ್ಮಾ ಬೀಸಿದುದು ಸೆಪ್ಟೆಂಬರಿನಲ್ಲಿ. ಶಾಖಾಹಾರಿಗಳು ತಂಗುವ ಮನೆಯವರಿಗೆ ಮೊದಲೇ ಬರೆದು, ಒಂದಿಷ್ಟು ಚಟ್ನಿಪುಡಿಯನ್ನೂ ಒಯ್ಯುವುದು ಲೇಸು. ರಹದಾರಿಯ ವಿಚಾರವನ್ನು ಸೇಂಟ್ ಮಾರ್ಟಿನ್, ಸೇಬಾ ಎರಡಕ್ಕೂ ಕೇಳಿ ತಿಳಿಯಬೇಕು. ಮರಳಿನ ದಡ ಮಾತ್ರ ಅಲ್ಲಿಲ್ಲ. ವೆಲ್ಸ್ ಕೊಲ್ಲಿಯಲ್ಲಿ ವಸಂತದಲ್ಲಿ ಒಂದಿಷ್ಟು ಮರಳು ಬಂದು ಸೇರುವುದು, ಚಳಿಗಾಲದ ಹೊತ್ತಿಗೆ ಸಮುದ್ರವೇ ಅದನ್ನು ಹೊತ್ತುಕೊಂಡು ಹೋಗುವುದು.