ಕೆಲಸದ ಸ್ಥಳದಲ್ಲಿ ತಾರತಮ್ಯ: ದೂರು ಯಾರಿಗೆ, ಎಷ್ಟು ಅವಧಿಯೊಳಗೆ?

ಹಲವಾಗಲು ಗ್ರಾಮವನ್ನೊಳಗೊಂಡ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಸೇರ್ಪಡೆಯಾಯಿತು. ತರುವಾಯ ಪುನಃ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯ ಭಾಗವಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮತ್ತು ಹೂವಿನಹಡಗಲಿ ತಾಲ್ಲೂಕುಗಳೂ ಇದೇ ಜಿಲ್ಲೆಯಲ್ಲಿದ್ದು, ಜಿಲ್ಲಾ ಕೇಂದ್ರ ಹೊಸಪೇಟೆಯಾಗಿದೆ. ಕೆಲಸದ ಸ್ಥಳದಲ್ಲಿ ತಾರತಮ್ಯಕ್ಕೆ ಒಳಗಾದವರಿಗೆ ಈ ಬದಲಾವಣೆ ಮುಖ್ಯವಾದುದು. ಇಂತಹ ಹಲವು ದೂರುಗಳಿಗೆ ಕಾನೂನು ಕಾಲಮಿತಿಯನ್ನು ನಿಗದಿಪಡಿಸಿದೆ. ಹಳೆಯ ಜಿಲ್ಲೆಯ ವಿಳಾಸಕ್ಕೆ ಸಲ್ಲಿಸಿದ ಅರ್ಜಿಯು ಕಚೇರಿಯಿಂದ ಕಚೇರಿಗೆ ವರ್ಗವಾಗುವಷ್ಟರಲ್ಲಿ ಆ ಅವಧಿ ಮುಗಿದುಹೋಗುವ ಸಂಭವವಿರುತ್ತದೆ.

ಎಲ್ಲ ತಾರತಮ್ಯಕ್ಕೂ ಒಂದೇ ಕಾನೂನಿಲ್ಲ

ಸಂವಿಧಾನದ 14, 15 ಮತ್ತು 16ನೇ ಅನುಚ್ಛೇದಗಳು ಸಮಾನತೆಯ ಹಕ್ಕನ್ನು ನೀಡಿವೆ. ಸರ್ಕಾರಿ ಉದ್ಯೋಗದಲ್ಲಿ ಇವುಗಳನ್ನು ನೇರವಾಗಿ ಆಶ್ರಯಿಸಬಹುದು. ಆದರೆ ಖಾಸಗಿ ಗಿರಣಿ, ಗೋದಾಮು, ಅಂಗಡಿ, ಶಾಲೆಗಳಲ್ಲಿ ನಡೆಯುವ ಎಲ್ಲ ಬಗೆಯ ತಾರತಮ್ಯಕ್ಕೂ ಅನ್ವಯಿಸುವ ಒಂದೇ ಸಮಗ್ರ ಕಾಯ್ದೆ ದೇಶದಲ್ಲಿಲ್ಲ. ತಾರತಮ್ಯದ ಕಾರಣ ಯಾವುದು ಎಂಬುದರ ಮೇಲೆ ಕಾಯ್ದೆಯೂ ದೂರು ಸ್ವೀಕರಿಸುವ ಪ್ರಾಧಿಕಾರವೂ ನಿರ್ಧಾರವಾಗುತ್ತವೆ. ಆದ್ದರಿಂದ ದೂರುದಾರರು ಮೊದಲು ಕಾರಣವನ್ನು ಗುರುತಿಸಿಕೊಳ್ಳುವುದು ಅವಶ್ಯಕ.

1. ಕೂಲಿ ಮತ್ತು ವೇತನದಲ್ಲಿ ಲಿಂಗ ತಾರತಮ್ಯ

ಮೆಕ್ಕೆಜೋಳದ ಗೋದಾಮಿನಲ್ಲಿ ಒಂದೇ ಬಗೆಯ ಕೆಲಸ ಮಾಡಿದ ಪುರುಷನಿಗೆ ಹೆಚ್ಚು, ಮಹಿಳೆಗೆ ಕಡಿಮೆ ಕೂಲಿ ನೀಡುವುದು ಪದ್ಧತಿಯೆಂದು ಹೇಳಲಾದರೂ ಕಾನೂನು ಅದನ್ನು ಒಪ್ಪುವುದಿಲ್ಲ. ಈ ಹಿಂದೆ 1976ರ ಸಮಾನ ವೇತನ ಕಾಯ್ದೆ ಇದನ್ನು ನಿಷೇಧಿಸಿತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ಸದರಿ ಸಂಹಿತೆಯ 3ನೇ ಪ್ರಕರಣವು ಒಂದೇ ಅಥವಾ ಸಮಾನ ಸ್ವರೂಪದ ಕೆಲಸಕ್ಕೆ ಲಿಂಗದ ಆಧಾರದ ಮೇಲೆ ವೇತನ ಭೇದ ಮಾಡುವುದನ್ನೂ, ನೇಮಕಾತಿ ಮತ್ತು ಸೇವಾ ಷರತ್ತುಗಳಲ್ಲಿ ಭೇದ ಮಾಡುವುದನ್ನೂ ನಿಷೇಧಿಸುತ್ತದೆ.

ಬಾಕಿ ಮೊತ್ತದ ಕ್ಲೇಮನ್ನು ಮೂರು ವರ್ಷಗಳೊಳಗೆ ಸಲ್ಲಿಸಬೇಕು. ಕಾರ್ಮಿಕರು ಸ್ವತಃ ಅಥವಾ ತಾವು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘದ ಮೂಲಕ ಅರ್ಜಿ ಸಲ್ಲಿಸಬಹುದು. ಪ್ರಾಧಿಕಾರವು ಮೂರು ತಿಂಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸತಕ್ಕದ್ದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಕಡಿಮೆ ಪಾವತಿಯ ಕ್ಲೇಮಿನಲ್ಲಿ ಹಣ ಸಲ್ಲಿಸಿರುವುದನ್ನು ರುಜುವಾತುಪಡಿಸುವ ಹೊಣೆ ಮಾಲೀಕರದ್ದಾಗಿರುತ್ತದೆ. ಲಿಖಿತ ದಾಖಲೆಯಿಲ್ಲದ ಕೂಲಿಕಾರರಿಗೆ ಇದು ಬಹುದೊಡ್ಡ ಆಸರೆ. ಮಾಹಿತಿಗಾಗಿ ಕಾರ್ಮಿಕ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.

2. ಲೈಂಗಿಕ ಕಿರುಕುಳ

ಕೆಲಸದ ಸ್ಥಳದ ಲೈಂಗಿಕ ಕಿರುಕುಳವು ಸಮಾನತೆಯ ಹಕ್ಕಿನ ಉಲ್ಲಂಘನೆಯೆಂದು ಸುಪ್ರೀಂ ಕೋರ್ಟ್ 1997ರ ವಿಶಾಖಾ ಪ್ರಕರಣದಲ್ಲಿ ತೀರ್ಪು ನೀಡಿತು. 2013ರ ಕಾಯ್ದೆಯನ್ವಯ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ನೀಡಬೇಕು. ಸಕಾರಣವಿದ್ದಲ್ಲಿ ಮತ್ತೆ ಮೂರು ತಿಂಗಳವರೆಗೆ ಅವಧಿಯನ್ನು ವಿಸ್ತರಿಸಬಹುದು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿಯೂ, ಹತ್ತಕ್ಕಿಂತ ಕಡಿಮೆ ಮಂದಿಯಿರುವಲ್ಲಿ ಅಥವಾ ಮಾಲೀಕರ ವಿರುದ್ಧವೇ ದೂರಿದ್ದಲ್ಲಿ ಜಿಲ್ಲಾ ಸ್ಥಳೀಯ ಸಮಿತಿಯೂ ವಿಚಾರಣೆ ನಡೆಸುತ್ತವೆ.

ಸಣ್ಣ ಘಟಕಗಳೇ ಹೆಚ್ಚಿರುವ ಗ್ರಾಮೀಣ ಭಾಗದಲ್ಲಿ ಸ್ಥಳೀಯ ಸಮಿತಿಯೇ ಮುಖ್ಯ ಆಸರೆ. ದೂರದ ಜಿಲ್ಲಾ ಕೇಂದ್ರಕ್ಕೆ ಹೋಗಲಾಗದವರಿಗಾಗಿ ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಲು ಕಾಯ್ದೆ ಸೂಚಿಸಿದೆ. ಅವರು ದೂರನ್ನು ಏಳು ದಿನಗಳೊಳಗೆ ಸಮಿತಿಗೆ ರವಾನಿಸತಕ್ಕದ್ದು. ಬರೆಯಲು ಬಾರದವರಿಗೆ ದೂರು ಬರೆದುಕೊಡುವ ನೆರವು ನೀಡುವುದು ಸಮಿತಿಯ ಕರ್ತವ್ಯ. ಆದರೆ ಸಮಿತಿಗಳು ಕಾಗದದ ಮೇಲಷ್ಟೇ ಉಳಿಯಬಾರದೆಂದು ಸುಪ್ರೀಂ ಕೋರ್ಟ್ 2023ರಲ್ಲಿಯೂ 2024ರ ಡಿಸೆಂಬರ್‌ನಲ್ಲಿಯೂ ನಿರ್ದೇಶನಗಳನ್ನು ನೀಡಬೇಕಾಯಿತು ಎಂಬುದು ಗಮನಾರ್ಹ.

3. ಜಾತಿ ಆಧಾರಿತ ತಾರತಮ್ಯ

ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡಕ್ಕೆ ಸೇರಿದವರೆಂಬ ಕಾರಣಕ್ಕೆ ಇತರರಿಗೆ ಮುಕ್ತವಾದ ಉದ್ಯೋಗವನ್ನು ಮಾಡದಂತೆ ತಡೆಯುವುದು, ಸಾರ್ವಜನಿಕವಾಗಿ ಜಾತಿ ನಿಂದನೆ ಮಾಡುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ದೂರನ್ನು ಪೊಲೀಸ್ ಠಾಣೆಗೆ ಸಲ್ಲಿಸಬೇಕು. ಪ್ರಥಮ ವರ್ತಮಾನ ವರದಿ ದಾಖಲಿಸಲು ಪೂರ್ವಭಾವಿ ವಿಚಾರಣೆ ಅಗತ್ಯವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯನ್ವಯ, ಘಟನೆ ಯಾವ ಠಾಣಾ ವ್ಯಾಪ್ತಿಯಲ್ಲಿ ನಡೆದಿದ್ದರೂ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ನೀಡಬಹುದು.

4. ವಿಕಲಚೇತನರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ವಯ ಸರ್ಕಾರಿ ಸಂಸ್ಥೆಗಳಲ್ಲಿ ಕುಂದುಕೊರತೆ ನಿವಾರಣಾ ಅಧಿಕಾರಿ ಇರತಕ್ಕದ್ದು. ದೂರನ್ನು ನೋಂದಾಯಿಸಿದ ಎರಡು ವಾರಗಳಲ್ಲಿ ತನಿಖೆ ನಡೆಸಬೇಕು. 2019ರ ಕಾಯ್ದೆಯು ಲಿಂಗತ್ವ ಅಲ್ಪಸಂಖ್ಯಾತರ ದೂರುಗಳಿಗಾಗಿ ಪ್ರತಿ ಸಂಸ್ಥೆಯಲ್ಲಿ ದೂರು ಅಧಿಕಾರಿಯನ್ನು ಗೊತ್ತುಪಡಿಸಲು ಸೂಚಿಸಿದೆ.

ದೂರಿನಿಂದ ಪ್ರಯೋಜನವುಂಟೇ?

ಕೊಡಗಿನ ಸಿ. ಬಿ. ಮುತ್ತಮ್ಮ ಅವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆ. ಮಹಿಳೆಯೆಂಬ ಕಾರಣಕ್ಕೆ ಪದೋನ್ನತಿ ನಿರಾಕರಿಸಲಾಯಿತೆಂದು ಅವರು ಸುಪ್ರೀಂ ಕೋರ್ಟ್ ಮೊರೆ ಹೋದರು. ಅರ್ಜಿ ಬಾಕಿಯಿರುವಾಗಲೇ ಪದೋನ್ನತಿ ದೊರೆಯಿತು. ಅರ್ಜಿಯನ್ನು ವಜಾಗೊಳಿಸಿದರೂ, 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಸೇವಾ ನಿಯಮಗಳಲ್ಲಿನ ಲಿಂಗ ತಾರತಮ್ಯವನ್ನು ನಿವಾರಿಸುವ ಅಗತ್ಯವನ್ನು ಒತ್ತಿ ಹೇಳಿದರು. ಉನ್ನತ ಅಧಿಕಾರಿಗೂ ಕೂಲಿ ಮಹಿಳೆಗೂ ಅವಕಾಶಗಳು ಒಂದೇ ಅಲ್ಲ. ದಿನಗೂಲಿಯನ್ನು ಕಳೆದುಕೊಂಡು ಕಚೇರಿಗೆ ಅಲೆಯುವುದು ಬಡವರಿಗೆ ಭಾರ. ಉಚಿತ ಕಾನೂನು ನೆರವಿನ ಮಹತ್ವವಿರುವುದು ಇಲ್ಲಿಯೇ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯನ್ವಯ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವಿಕಲಚೇತನರು ಹಾಗೂ ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಈ ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸಬಹುದು.

ದೂರುದಾರರು ಗಮನಿಸಬೇಕಾದ ಅಂಶಗಳು

• ಘಟನೆಯ ದಿನಾಂಕ, ಸ್ಥಳ, ಸಾಕ್ಷಿಗಳ ಹೆಸರನ್ನು ಅಂದೇ ಬರೆದಿಟ್ಟುಕೊಳ್ಳುವುದು.
• ವೇತನ ಚೀಟಿ, ಹಾಜರಾತಿ, ಬ್ಯಾಂಕ್ ಪಾಸ್‌ಪುಸ್ತಕ, ಮೊಬೈಲ್ ಸಂದೇಶಗಳನ್ನು ಕಾಯ್ದಿರಿಸುವುದು.
• ವಿಳಾಸದಲ್ಲಿ ವಿಜಯನಗರ ಜಿಲ್ಲೆ ಎಂದು ನಮೂದಿಸುವುದು.
• ದೂರಿನ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿಯನ್ನು ತಪ್ಪದೆ ಪಡೆಯುವುದು. ಕಾಲಮಿತಿಯೊಳಗೆ ದೂರು ಸಲ್ಲಿಸಲಾಗಿದೆ ಎಂಬುದಕ್ಕೆ ಅದೇ ಆಧಾರ.